ಹುಟ್ಟಿದ ಕೂಸಿಗೆ ಯಾವ ಪಾಪ?

ಪ್ರಶ್ನೆ: ಮಾನ್ಯರೇ, ನಾನು ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಕಳೆದ ತಿಂಗಳು ಪಕ್ಕದ ಮನೆಯ ಕ್ಯಾಥೊಲಿಕ್ ಕುಟುಂಬದವರು ತಮ್ಮ ಮೊಮ್ಮಗಳ ಜ್ಞಾನಸ್ನಾನಕ್ಕೆ ಕರೆದಿದ್ದರು. ಎರಡು ತಿಂಗಳ ಕೂಸಿನ ನೆತ್ತಿಯ ಮೇಲೆ ಫಾದರ್ ಮೂರು ಸಲ ನೀರು ಹೊಯ್ದು, ಮಗು ಜನ್ಮಪಾಪದಿಂದ ಬಿಡುಗಡೆ ಹೊಂದಿತು ಎಂದು ವಿವರಿಸಿದರು. ಇನ್ನೂ ಕತ್ತು ನಿಲ್ಲದ ಕೂಸು ಯಾವ ಪಾಪ ಮಾಡಿದ್ದೀತು ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಆದರೆ ನಮ್ಮ ಮನೆಯಲ್ಲಿ ನಡೆದದ್ದು ಇದಕ್ಕಿಂತ ಬೇರೆಯೇನಲ್ಲ. ನನ್ನ ಮಗಳ ಚೊಚ್ಚಲ ಗಂಡುಮಗುವಿಗೆ ಸೀಳುತುಟಿ ಇದೆ. ತೊಟ್ಟಿಲ ಶಾಸ್ತ್ರದ ದಿನ ನಮ್ಮ ಬೀಗಿತ್ತಿಯವರು ನಾಲ್ಕು ಜನರ ಮುಂದೆ, "ಯಾವ ಜನ್ಮದ ಪಾಪವೋ, ಬಂದು ತುಟಿಯಲ್ಲಿ ಕೂತಿದೆ" ಎಂದುಬಿಟ್ಟರು. ಅಂದಿನಿಂದ ಮಗಳು ಮಗುವನ್ನು ಎತ್ತಿಕೊಂಡು ಜಗುಲಿಗೂ ಬರುತ್ತಿಲ್ಲ. ಮನುಷ್ಯ ಪಾಪವನ್ನು ಹೊತ್ತುಕೊಂಡೇ ಹುಟ್ಟುತ್ತಾನೆ ಎಂದು ಎಲ್ಲ ಧರ್ಮಗಳೂ ಹೇಳುತ್ತವೆಯೇ?
— ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಇಲ್ಲ, ಎಲ್ಲ ಧರ್ಮಗಳೂ ಹಾಗೆ ಹೇಳುವುದಿಲ್ಲ. ಹೇಳುವ ಧರ್ಮಗಳೂ ನಿಮ್ಮ ಬೀಗಿತ್ತಿಯವರು ಹೇಳಿದ ಅರ್ಥದಲ್ಲಿ ಹೇಳುವುದಿಲ್ಲ. ನೀವು ಕೇಳಿದ ಎರಡು ಮಾತುಗಳು ಕಿವಿಗೆ ಒಂದೇ ಬಗೆಯಾಗಿ ಕೇಳಿಸಿದರೂ ಅವುಗಳ ನಡುವೆ ದೊಡ್ಡ ಅಂತರವಿದೆ. ಫಾದರ್ ಹೇಳಿದ್ದು ತಮ್ಮನ್ನೂ ಸೇರಿಸಿಕೊಂಡು ಮನುಷ್ಯರಾದ ಎಲ್ಲರ ವಿಷಯ. ಬೀಗಿತ್ತಿಯವರು ಹೇಳಿದ್ದು ಒಂದು ಮಗುವಿನ ವಿಷಯ. ಈ ಅಂತರವನ್ನು ಹಿಡಿದುಕೊಂಡೇ ಉತ್ತರಿಸುತ್ತೇನೆ.

ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ಏದೆನ್ ತೋಟದ ಕಥೆ ಬರುತ್ತದೆ. ಒಳಿತು ಕೆಡುಕುಗಳ ಅರಿವನ್ನು ಕೊಡುವ ಮರದ ಹಣ್ಣನ್ನು ತಿನ್ನಬಾರದೆಂಬ ಆಜ್ಞೆಯನ್ನು ಆದಾಮನೂ ಹವ್ವಳೂ ಮೀರುತ್ತಾರೆ, ದೇವರು ಅವರನ್ನು ತೋಟದಿಂದ ಹೊರಗೆ ಕಳಿಸುತ್ತಾನೆ. ಹಣ್ಣು ಸೇಬು ಎಂಬುದು ಚಿತ್ರಕಾರರಿಂದ ಬಳಕೆಗೆ ಬಂದದ್ದೇ ಹೊರತು ಗ್ರಂಥದಲ್ಲಿಲ್ಲ. ಹಾಗೆಯೇ ಫಾದರ್ ಹೇಳಿದ ಜನ್ಮಪಾಪದ ಇನ್ನೊಂದು ಹೆಸರಾದ 'ಮೂಲಪಾಪ' ಎಂಬ ಪದವೂ ಈ ಅಧ್ಯಾಯದಲ್ಲಾಗಲಿ ಬೈಬಲ್ಲಿನ ಬೇರೆ ಯಾವ ಭಾಗದಲ್ಲಾಗಲಿ ಇಲ್ಲ. ಒಬ್ಬ ಮನುಷ್ಯನಿಂದ ಪಾಪವೂ ಪಾಪದಿಂದ ಮರಣವೂ ಲೋಕಕ್ಕೆ ಬಂದು, ಮರಣ ಎಲ್ಲರಿಗೂ ಹಬ್ಬಿತು ಎಂದು ಸಂತ ಪೌಲರು ರೋಮ್ ನಗರದ ಸಭೆಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಹೇಳುತ್ತಾರೆ. ಆ ವಾಕ್ಯದ ಕೊನೆಯ ತುಣುಕನ್ನು ಮೂಲದ ಗ್ರೀಕ್ ಭಾಷೆಯಲ್ಲಿ 'ಎಲ್ಲರೂ ಪಾಪ ಮಾಡಿದ್ದರಿಂದ' ಎಂದು ಓದುವುದು ಸಹಜ. ಲ್ಯಾಟಿನ್ ಅನುವಾದದಲ್ಲಿ ಅದು 'ಅವನಲ್ಲಿ ಎಲ್ಲರೂ ಪಾಪ ಮಾಡಿದರು' ಎಂಬಂತೆ ಕೇಳಿಸುತ್ತದೆ. ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ ಬಿಷಪರಾಗಿದ್ದ ಸಂತ ಅಗಸ್ಟೀನರು (354–430) ಓದಿದ್ದು ಲ್ಯಾಟಿನ್ ಪಾಠವನ್ನು. ಪ್ರತಿಯೊಬ್ಬನೂ ತನ್ನ ತಪ್ಪಿಗೆ ತಾನು ಸಾಯುತ್ತಾನೆಯೋ, ಆದಾಮನೊಳಗಿದ್ದು ಎಲ್ಲರೂ ಒಟ್ಟಿಗೇ ತಪ್ಪಿದರೋ ಎಂಬ ದೊಡ್ಡ ಪ್ರಶ್ನೆ ಒಂದು ವಿಭಕ್ತಿಯ ಮೇಲೆ ನಿಂತಿತು.

ಆದರೆ ಇಡೀ ಸಿದ್ಧಾಂತ ಹುಟ್ಟಿದ್ದು ಅನುವಾದದ ದೋಷದಿಂದ ಎಂದು ಮುಗಿಸಿಬಿಡುವುದು ಸರಿಯಲ್ಲ. ಅಗಸ್ಟೀನರ ಮುಂದೆ ನೀವು ಪಕ್ಕದ ಮನೆಯವರ ಚರ್ಚಿನಲ್ಲಿ ಕಂಡ ದೃಶ್ಯವೇ ಇತ್ತು. ಕೂಸುಗಳಿಗೆ ಸ್ನಾನದೀಕ್ಷೆ ಕೊಡುವ ರೂಢಿ ಅವರ ಕಾಲಕ್ಕಾಗಲೇ ಬೇರೂರಿತ್ತು, ಆ ದೀಕ್ಷೆಯನ್ನು ಪಾಪಕ್ಷಮೆಗಾಗಿ ಎಂದೇ ಕೊಡುತ್ತಿದ್ದರು. ಹಾಗಿದ್ದರೆ ಕೂಸಿಗೆ ಕ್ಷಮಿಸಬೇಕಾದ ಪಾಪ ಯಾವುದು ಎಂದು ಅವರು ಕೇಳಿದರು. ಅದು ನಿಮ್ಮದೇ ಪ್ರಶ್ನೆ. ಆದಾಮನು ನಮಗೆ ಕೆಟ್ಟ ಮಾದರಿಯಾದನೇ ಹೊರತು ನಮ್ಮ ಸ್ವಭಾವವನ್ನು ಕೆಡಿಸಲಿಲ್ಲ, ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬಾಳಬಲ್ಲ ಎಂದು ಪೆಲಾಜಿಯಸ್ ಎಂಬ ತಪಸ್ವಿ ವಾದಿಸಿದಾಗ, ಅಗಸ್ಟೀನರು ಅದನ್ನು ಬಲವಾಗಿ ಖಂಡಿಸಿದರು. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ಪೆಲಾಜಿಯಸ್ಸನ ಮತವನ್ನು ತಿರಸ್ಕರಿಸಿತು.

ಅಗಸ್ಟೀನರ ಆತ್ಮನಿವೇದನೆಯ ಪುಸ್ತಕದಲ್ಲಿ ಒಂದು ಸಣ್ಣ ಚಿತ್ರವಿದೆ. ಇನ್ನೂ ಮಾತು ಬಾರದ ಒಂದು ಕೂಸು, ತನ್ನ ಜೊತೆಗೆ ಹಾಲು ಕುಡಿಯುವ ಇನ್ನೊಂದು ಕೂಸನ್ನು ಕಂಡು ಮುಖ ಬಿಳಿಚಿಕೊಂಡು ದುರುಗುಟ್ಟಿ ನೋಡಿದ್ದನ್ನು ಅವರು ಬರೆಯುತ್ತಾರೆ. ಎರಡನೆಯ ಬಾಣಂತನವಾದ ಮನೆಗಳಲ್ಲಿ ನಾವೆಲ್ಲರೂ ಇದನ್ನು ಕಂಡಿದ್ದೇವೆ. ನಿನ್ನೆಯವರೆಗೆ ತಾಯಿಯ ಮಡಿಲು ತನ್ನೊಬ್ಬನದೇ ಆಗಿದ್ದ ಎರಡು ವರ್ಷದ ಹುಡುಗ, ತಮ್ಮನ ಕೆನ್ನೆಯನ್ನು ಮುದ್ದಿಸುವವನಂತೆ ಹತ್ತಿರ ಬಂದು ಚಿವುಟಿ ಓಡುತ್ತಾನೆ. ಅವನಿಗೆ ಇದನ್ನು ಯಾರೂ ಕಲಿಸಿರುವುದಿಲ್ಲ. ಅಗಸ್ಟೀನರು ಹೇಳಹೊರಟದ್ದು ಇದನ್ನು, ಮತ್ತು ಅವರು ಆ ಕೂಸಿನತ್ತ ಬೆರಳು ತೋರಿಸಿ ನಿಲ್ಲುವುದಿಲ್ಲ. ನನಗೆ ನೆನಪಿಲ್ಲದ ಆ ವಯಸ್ಸಿನಲ್ಲಿ ನಾನೂ ಹೀಗೆಯೇ ಇದ್ದಿರಬೇಕು ಎಂದು ದೇವರ ಮುಂದೆ ತಮ್ಮ ಲೆಕ್ಕವನ್ನು ಒಪ್ಪಿಸುತ್ತಾರೆ.

1546ರಲ್ಲಿ ಕ್ಯಾಥೊಲಿಕ್ ಬಿಷಪರ ಟ್ರೆಂಟ್ ಮಹಾಸಭೆ ಈ ಬೋಧನೆಯನ್ನು ಅಧಿಕೃತವಾಗಿ ನಿರೂಪಿಸಿತು. ಇಂದಿನ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಅದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. ಮೂಲಪಾಪ ಎಂಬುದು ಮಗು ಮಾಡಿದ್ದಲ್ಲ, ಮಗುವಿಗೆ ಬಂದದ್ದು. ಅದು ಕೃತ್ಯವಲ್ಲ, ಸ್ಥಿತಿ. 'ಪಾಪ' ಎಂಬ ಪದವನ್ನು ಇಲ್ಲಿ ಹೋಲಿಕೆಯ ಅರ್ಥದಲ್ಲಿ ಮಾತ್ರ ಬಳಸಿದೆ ಎಂದು ಆ ಗ್ರಂಥವೇ ಹೇಳುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ತಾತ ಹೊಲವನ್ನು ಅಡವಿಟ್ಟು ಕಳೆದುಕೊಂಡ ಮೇಲೆ ಹುಟ್ಟಿದ ಮೊಮ್ಮಗು ಆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿರುವುದಿಲ್ಲ, ಆದರೂ ಹೊಲವಿಲ್ಲದ ಮನೆಯಲ್ಲೇ ಅದು ಕಣ್ಣು ಬಿಡುತ್ತದೆ. ಫಾದರ್ ಹೊಯ್ದ ನೀರು ಆ ಹೊಲವನ್ನು ಬಿಡಿಸಿಕೊಟ್ಟಂತೆ. ಹಾಗೆ ತಿಳಿದರೆ ಆ ಕಲಾಪದಲ್ಲಿ ಆರೋಪ ಕಾಣುವುದಿಲ್ಲ, ಕೂಸನ್ನು ಹಕ್ಕುದಾರಳನ್ನಾಗಿ ಬರಮಾಡಿಕೊಳ್ಳುವುದು ಕಾಣುತ್ತದೆ.

ಈ ಬೋಧನೆ ತಾಯಂದಿರನ್ನು ನೋಯಿಸಿದ ಕಾಲವೂ ಇತ್ತೆಂಬುದನ್ನು ಮುಚ್ಚಿಡಬಾರದು. ದೀಕ್ಷೆಯಿಲ್ಲದೆ ತೀರಿಕೊಂಡ ಶಿಶುಗಳಿಗೆ ಅತ್ಯಂತ ಹಗುರವಾದದ್ದೇ ಆದರೂ ದಂಡನೆ ಉಂಟೆಂದು ಅಗಸ್ಟೀನರು ನಂಬಿದ್ದರು. ಮಧ್ಯಯುಗದ ಪಂಡಿತರು ಅದನ್ನು ಮೆದುಗೊಳಿಸಿ, ನೋವೂ ಇಲ್ಲದ ದೇವದರ್ಶನವೂ ಇಲ್ಲದ 'ಲಿಂಬೊ' ಎಂಬ ನೆಲೆಯನ್ನು ಕಲ್ಪಿಸಿದರು. ಅಂಥ ಶಿಶುಗಳಿಗೂ ಮೋಕ್ಷವುಂಟೆಂದು ಆಶಿಸಲು ಬಲವಾದ ಆಧಾರಗಳಿವೆ ಎಂದು ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಪ್ರಕಟಿಸಿದ್ದು 2007ರಲ್ಲಿ. ಅಷ್ಟು ಶತಮಾನಗಳ ತಾಯಂದಿರ ಕಣ್ಣೀರನ್ನು ನೆನೆದರೆ ಇದು ಬಹಳ ತಡವಾಗಿ ಬಂದ ಮಾತೆಂದೇ ನನಗೆ ಅನ್ನಿಸುತ್ತದೆ.

ಕ್ರೈಸ್ತರೆಲ್ಲರ ನಿಲುವು ಒಂದೇ ಅಲ್ಲ. ಗ್ರೀಕ್ ಪಾಠವನ್ನೇ ಓದುತ್ತಾ ಬಂದ ಪೂರ್ವದ ಆರ್ಥೊಡಾಕ್ಸ್ ಸಭೆಗಳು, ಆದಾಮನಿಂದ ನಮಗೆ ಬಂದದ್ದು ಮರಣ ಮತ್ತು ದುರ್ಬಲತೆ, ಅವನ ಅಪರಾಧವಲ್ಲ ಎನ್ನುತ್ತವೆ. ಪ್ರೊಟೆಸ್ಟೆಂಟ್ ಪಂಥದ ಮುಂದಾಳುಗಳಾದ ಲೂಥರ್ ಮತ್ತು ಕ್ಯಾಲ್ವಿನ್ ಅಗಸ್ಟೀನರಿಗಿಂತ ಮೃದುವಾಗಲಿಲ್ಲ. ಕೋಲಾರದಲ್ಲಿ ಹಳೆಯ ಮಿಷನ್ ಇರುವ ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯವರು 1757ರಲ್ಲಿ ಮೂಲಪಾಪವನ್ನು ಸಮರ್ಥಿಸಿ ದೊಡ್ಡ ಗ್ರಂಥವನ್ನೇ ಬರೆದರು. ಆದರೆ ಮನುಷ್ಯ ಕರೆಯುವುದಕ್ಕೂ ಮೊದಲೇ ದೇವರ ಕೃಪೆ ಪ್ರತಿಯೊಬ್ಬನಲ್ಲೂ ಕೆಲಸ ಮಾಡುತ್ತಿರುತ್ತದೆ ಎಂಬುದನ್ನೂ ಅವರು ಅಷ್ಟೇ ಒತ್ತಿ ಬೋಧಿಸಿದರು.

ಇದೇ ಏದೆನ್ ತೋಟದ ಕಥೆಯನ್ನು ಕ್ರೈಸ್ತರಿಗಿಂತ ಮೊದಲಿನಿಂದ ಓದುತ್ತಾ ಬಂದಿರುವ ಯೆಹೂದ್ಯರು ಅದರಿಂದ ಮೂಲಪಾಪವನ್ನು ತೆಗೆಯಲಿಲ್ಲ. ಅವರ ಧರ್ಮಗುರುಗಳು ಮನುಷ್ಯನಲ್ಲಿ ಎರಡು ಎಳೆತಗಳಿವೆ ಎನ್ನುತ್ತಾರೆ, ಒಂದು ಒಳ್ಳೆಯದರ ಕಡೆಗೆ, ಇನ್ನೊಂದು ಕೆಟ್ಟದ್ದರ ಕಡೆಗೆ. ಆ ಕೆಟ್ಟ ಎಳೆತವೂ ಇಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ಮಕ್ಕಳನ್ನು ಪಡೆಯುತ್ತಿರಲಿಲ್ಲ ಎಂಬ ಆಳವಾದ ಮಾತು ಅವರ ಪ್ರಾಚೀನ ವ್ಯಾಖ್ಯಾನಗಳಲ್ಲಿದೆ. ಪ್ರತಿದಿನ ಬೆಳಿಗ್ಗೆ ಎದ್ದಾಗ ಅವರು ಹೇಳುವ ಪ್ರಾರ್ಥನೆ, 'ನನ್ನ ದೇವರೇ, ನೀನು ನನಗೆ ಕೊಟ್ಟ ಆತ್ಮ ಶುದ್ಧವಾದದ್ದು' ಎಂದು ಆರಂಭವಾಗುತ್ತದೆ. ತಂದೆಯ ಅಪರಾಧವನ್ನು ಮಗ ಹೊರಬೇಕಿಲ್ಲ ಎಂದು ಪ್ರವಾದಿ ಯೆಹೆಜ್ಕೇಲನ ಗ್ರಂಥದ ಹದಿನೆಂಟನೆಯ ಅಧ್ಯಾಯ ಸ್ಪಷ್ಟವಾಗಿ ಸಾರುತ್ತದೆ.

ಇಸ್ಲಾಂ ಈ ವಿಷಯದಲ್ಲಿ ಇನ್ನೂ ನೇರ. ಆದಮರು ತಪ್ಪಿದ್ದು ನಿಜ, ಆದರೆ ಅವರು ಪಶ್ಚಾತ್ತಾಪಪಟ್ಟರು, ಅಲ್ಲಾಹನು ಕ್ಷಮಿಸಿದನು, ಅಲ್ಲಿಗೆ ಆ ತಪ್ಪು ಮುಗಿಯಿತು. ಹೊರೆ ಹೊರುವ ಯಾವ ಜೀವವೂ ಇನ್ನೊಂದರ ಹೊರೆಯನ್ನು ಹೊರದು ಎಂಬ ಮಾತು ಕುರ್‌ಆನಿನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ. ಪ್ರತಿ ಶಿಶುವೂ 'ಫಿತ್ರತ್' ಎಂಬ ನಿರ್ಮಲವಾದ ಸಹಜಸ್ಥಿತಿಯಲ್ಲಿ ಹುಟ್ಟುತ್ತದೆ ಎಂದು ಪ್ರವಾದಿಯವರ ವಚನವಿದೆ. ಆದ್ದರಿಂದಲೇ ಮುಸ್ಲಿಮರ ಮನೆಯಲ್ಲಿ ಕೂಸು ಹುಟ್ಟಿದ ಕೂಡಲೇ ಹಿರಿಯರು ಅದರ ಬಲಗಿವಿಯ ಬಳಿ ಬಾಗಿ ಮೆಲುದನಿಯಲ್ಲಿ ಅಜಾನ್ ಹೇಳುತ್ತಾರೆ. ಅಲ್ಲಿ ತೊಳೆಯುವಂಥದ್ದು ಏನೂ ಇಲ್ಲ, ನೆನಪಿಸುವುದು ಮಾತ್ರ ಇದೆ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಹಿಂದೂ ಸಂಪ್ರದಾಯದಲ್ಲಿ ಮೂಲಪಾಪದಂಥದ್ದು ಏನೂ ಇಲ್ಲವೆಂದು ಸಭೆಗಳಲ್ಲಿ ಹೇಳುವುದನ್ನು ನಾನು ಅನೇಕ ಸಲ ಕೇಳಿದ್ದೇನೆ. ಅದು ಪೂರ್ತಿ ಸರಿಯಲ್ಲ. ಗರ್ಭಸಂಸ್ಕಾರ, ಜಾತಕರ್ಮ, ಚೌಲ ಮತ್ತು ಉಪನಯನಗಳಿಂದ ಬೀಜದಿಂದ ಬಂದ ಹಾಗೂ ಗರ್ಭದಿಂದ ಬಂದ 'ಏನಸ್ಸು', ಅಂದರೆ ದೋಷ, ತೊಡೆದುಹೋಗುತ್ತದೆ ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿದೆ. ಪೂಜೆಯ ಕೊನೆಯಲ್ಲಿ ನಿಂತಲ್ಲೇ ಆತ್ಮಪ್ರದಕ್ಷಿಣೆ ಮಾಡುತ್ತಾ ನಾವು ಹೇಳುವ 'ಪಾಪೋಽಹಂ ಪಾಪಕರ್ಮಾಹಂ ಪಾಪಾತ್ಮಾ ಪಾಪಸಂಭವಃ' ಎಂಬ ಶ್ಲೋಕಕ್ಕೆ ನಾನು ಪಾಪಿ, ಪಾಪಕರ್ಮಿ, ಪಾಪಾತ್ಮ, ಪಾಪದಿಂದಲೇ ಹುಟ್ಟಿದವನು ಎಂದರ್ಥ. ಅಗಸ್ಟೀನರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು. ಆದರೆ ಈ ಪಾಪ ತೊಳೆದರೆ ಹೋಗುವಂಥದ್ದು ಎಂಬ ಭರವಸೆಯೂ ನಮ್ಮಲ್ಲಿ ಅಷ್ಟೇ ಗಟ್ಟಿ. ಕೋಲಾರದ ಬೆಟ್ಟದ ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರಿಗೆ ತಲೆಯೊಡ್ಡುವವರ ನಂಬಿಕೆ ಅದೇ. ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಹುಟ್ಟಿ ಆಂಧ್ರದಲ್ಲಿ ಪೆನ್ನಾರನ್ನು ಸೇರುವ ನದಿಗೆ ನಮ್ಮ ಹಿರಿಯರು ಪಾಪಘ್ನಿ, ಪಾಪವನ್ನು ಕೊಲ್ಲುವವಳು, ಎಂದೇ ಹೆಸರಿಟ್ಟಿದ್ದಾರೆ.

ವ್ಯತ್ಯಾಸವಿರುವುದು ಬೇರೊಂದು ಕಡೆ. ಕರ್ಮಸಿದ್ಧಾಂತದಲ್ಲಿ ಮೊದಲ ಮನುಷ್ಯನಿಲ್ಲ, ಮೊದಲ ತಪ್ಪೂ ಇಲ್ಲ. ಒಬ್ಬ ಸುಖಿ, ಒಬ್ಬ ದುಃಖಿ ಆಗಿರುವುದರಿಂದ ದೇವರು ಪಕ್ಷಪಾತಿಯೂ ನಿರ್ದಯಿಯೂ ಆದನಲ್ಲವೇ ಎಂಬ ಆಕ್ಷೇಪಕ್ಕೆ ಬ್ರಹ್ಮಸೂತ್ರ, ಅವರವರ ಕರ್ಮವನ್ನು ಅನುಸರಿಸಿ ಎಂದು ಉತ್ತರಿಸುತ್ತದೆ. ಸೃಷ್ಟಿಗೆ ಮೊದಲು ಕರ್ಮ ಎಲ್ಲಿಂದ ಬಂತು ಎಂದು ಮತ್ತೆ ಕೇಳಿದರೆ, ಸಂಸಾರ ಅನಾದಿ ಎಂದು ಮುಂದಿನ ಸೂತ್ರ ಹೇಳುತ್ತದೆ. ಬೀಜ ಮೊದಲೋ ಮೊಳಕೆ ಮೊದಲೋ ಎಂದು ಕೇಳಿದ ಹಾಗೆ.

ಅನಾದಿ ಎಂಬ ಈ ಮಾತು ನನಗೆ ಮನದಟ್ಟಾದದ್ದು ಜೈನರ ಒಂದು ಹೋಲಿಕೆಯಿಂದ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದ ಆರಂಭದಲ್ಲೇ, ಜೀವಕ್ಕೂ ಕರ್ಮಕ್ಕೂ ಇರುವ ಸಂಬಂಧ ಚಿನ್ನದ ಕಲ್ಲಿನಲ್ಲಿರುವ ಮಲದಂತೆ ಅನಾದಿಯಾದದ್ದು ಎನ್ನುತ್ತಾರೆ. ನನ್ನ ಸೋದರಮಾವ ಕೆ.ಜಿ.ಎಫ್.ನಲ್ಲಿ ಕೆಲಸದಲ್ಲಿದ್ದರು. ನಾನು ಹುಡುಗನಾಗಿದ್ದಾಗ ಅವರು ಒಮ್ಮೆ ಬೂದುಗೆರೆಗಳಿದ್ದ ಬಿಳಿಯ ಕಲ್ಲಿನ ಚೂರೊಂದನ್ನು ನನ್ನ ಅಂಗೈಯಲ್ಲಿಟ್ಟು, ಇದರಲ್ಲಿ ಚಿನ್ನವಿದೆ ಎಂದಿದ್ದರು. ಎಷ್ಟು ಹೊರಳಿಸಿ ನೋಡಿದರೂ ನನಗೆ ಹೊಳಪಿನ ಒಂದು ಚುಕ್ಕೆಯೂ ಕಾಣಲಿಲ್ಲ. ಒಂದು ಟನ್ ಕಲ್ಲನ್ನು ಪುಡಿ ಮಾಡಿ ರಸಾಯನದಲ್ಲಿ ಕರಗಿಸಿದರೆ ಕೆಲವೇ ಗ್ರಾಂ ಚಿನ್ನ ಸಿಕ್ಕೀತು ಎಂದು ಅವರು ಹೇಳಿದ ನೆನಪು. ಆ ಚಿನ್ನ ಯಾವತ್ತು ಕಲ್ಲಿನೊಳಗೆ ಬಿತ್ತು, ಯಾರ ತಪ್ಪಿನಿಂದ ಬಿತ್ತು ಎಂದು ಗಣಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅದು ಎಂದೂ ಶುದ್ಧವಾಗಿದ್ದು ಆಮೇಲೆ ಕೆಟ್ಟದ್ದಲ್ಲ. ಆದರೂ ಅದು ಚಿನ್ನವೇ, ಬೇರ್ಪಡಿಸಲು ಬರುವಂಥದ್ದೇ. ಏದೆನ್ ತೋಟದ ಕಥೆ ಕಳೆದುಹೋದ ಶುದ್ಧಿಯನ್ನು ನೆನೆಯುತ್ತದೆ, ಗೊಮ್ಮಟಸಾರ ಮುಂದೆ ದಕ್ಕಬೇಕಾದ ಶುದ್ಧಿಯನ್ನು ನೋಡುತ್ತದೆ.

ಈಗ ನಿಮ್ಮ ಬೀಗಿತ್ತಿಯವರ ಮಾತು. ಕರ್ಮಸಿದ್ಧಾಂತವನ್ನು ಒಪ್ಪಿದವರೂ ಒಂದು ಕೂಸಿನ ತುಟಿಯನ್ನು ನೋಡಿ ಅದರ ಹಿಂದಿನ ಜನ್ಮವನ್ನು ಓದಿ ಹೇಳಲಾರರು. ಕರ್ಮದ ಗತಿ ಗಹನವಾದದ್ದು ಎಂದು ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಕೃಷ್ಣನೇ ಹೇಳಿದ್ದಾನೆ. ಮನುಷ್ಯ ಅನುಭವಿಸುವುದೆಲ್ಲವೂ ಹಿಂದೆ ಮಾಡಿದ್ದರ ಫಲವೇ ಎಂದು ಸೀವಕನೆಂಬ ಪರಿವ್ರಾಜಕ ಕೇಳಿದಾಗ ಬುದ್ಧ ಅದನ್ನು ಒಪ್ಪಲಿಲ್ಲ. ಪಿತ್ತದಿಂದ, ಕಫದಿಂದ, ವಾತದಿಂದ, ಋತುಗಳ ಬದಲಾವಣೆಯಿಂದ, ಪೆಟ್ಟು ಬಿದ್ದದ್ದರಿಂದಲೂ ನೋವು ಬರುತ್ತದೆ, ಕರ್ಮದ ಫಲ ಎಂಬುದು ಈ ಕಾರಣಗಳಲ್ಲಿ ಒಂದು ಮಾತ್ರ, ಎಲ್ಲವೂ ಹಿಂದಿನದೇ ಎನ್ನುವವರು ಲೋಕ ಕಣ್ಣಾರೆ ಕಂಡ ಸತ್ಯವನ್ನು ಮೀರಿ ಮಾತನಾಡುತ್ತಾರೆ ಎಂದ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಯೇಸುವನ್ನು, ಇವನು ಕುರುಡನಾಗಿ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಕೇಳುತ್ತಾರೆ. ನಿಮ್ಮ ತೊಟ್ಟಿಲ ಶಾಸ್ತ್ರದಲ್ಲಿ ಕೇಳಿದ ಪ್ರಶ್ನೆಯೇ ಅದು. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದು ಯೇಸು ಉತ್ತರಿಸಿ, ಆ ಮನುಷ್ಯನ ಕಣ್ಣಿಗೆ ಮದ್ದಿನಂತೆ ಮಣ್ಣು ಹಚ್ಚುತ್ತಾನೆ.

ಇಷ್ಟೂ ಗ್ರಂಥಗಳಲ್ಲಿ ನನ್ನ ಗಮನಕ್ಕೆ ಬಂದದ್ದು ಒಂದು ವ್ಯಾಕರಣದ ಸಂಗತಿ. ತನ್ನ ಹುಟ್ಟಿನಲ್ಲೇ ಪಾಪವಿತ್ತು ಎಂದು ಬೈಬಲ್ಲಿನ ಐವತ್ತೊಂದನೆಯ ಕೀರ್ತನೆಯಲ್ಲಿ ಅಳುವವನು 'ನಾನು' ಎನ್ನುತ್ತಾನೆ. ಅಗಸ್ಟೀನರು 'ನಾನು' ಎನ್ನುತ್ತಾರೆ. ನಮ್ಮ ಶ್ಲೋಕ 'ಅಹಂ' ಎನ್ನುತ್ತದೆ, 'ತ್ವಂ' ಎನ್ನುವುದಿಲ್ಲ. ಹುಟ್ಟಿನ ಪಾಪದ ಮಾತನ್ನು ಉತ್ತಮಪುರುಷದಲ್ಲಿ ದೇವರ ಮುಂದೆ ಹೇಳಿಕೊಳ್ಳಬಹುದು. ಅದನ್ನು ತೊಟ್ಟಿಲಲ್ಲಿ ಮಲಗಿರುವ ಇನ್ನೊಬ್ಬರ ಮೇಲೆ ಹೊರಿಸುವುದಕ್ಕೆ ಯಾವ ಧರ್ಮವೂ ನೆರೆಹೊರೆಯವರಿಗೆ ಅಪ್ಪಣೆ ಕೊಟ್ಟಿಲ್ಲ. ಬೀಗಿತ್ತಿಯವರಿಗೂ ಇದನ್ನು ಸಮಾಧಾನದಿಂದ ಹೇಳಿ. ಅವರೂ ಗಾಬರಿಯಲ್ಲಿ ಬಾಯಿಗೆ ಬಂದ ರೂಢಿಯ ಮಾತನ್ನು ಆಡಿರಬಹುದು. ಸೀಳುತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮಗುವಿಗೆ ಮೂರರಿಂದ ಆರು ತಿಂಗಳಾದಾಗ ಮಾಡುತ್ತಾರೆ, ಆದ್ದರಿಂದ ವೈದ್ಯರನ್ನು ಈಗಲೇ ಕಂಡು ತೂಕ ಮತ್ತು ಹಾಲು ಕುಡಿಸುವ ಕ್ರಮವನ್ನು ವಿಚಾರಿಸಿಕೊಳ್ಳಿ. ಮಗಳು ಮಗುವನ್ನು ಎತ್ತಿಕೊಂಡು ಜಗುಲಿಗೆ ಬರಲಿ, ಮೊದಲ ದಿನ ನೀವೂ ಜೊತೆಯಲ್ಲಿ ಕುಳಿತುಕೊಳ್ಳಿ.

ಪ್ರಶ್ನೆ: ಶೈವರು ಹೇಳುವ ಮಲತ್ರಯವೂ ಕ್ರೈಸ್ತರ ಮೂಲಪಾಪವೂ ಒಂದೇ ಅಲ್ಲವೇ?
— ಓದುಗರೊಬ್ಬರು, ತುಮಕೂರು

ಉತ್ತರ: ಹತ್ತಿರದವು, ಆದರೆ ಒಂದೇ ಅಲ್ಲ. ಆಣವ, ಮಾಯಾ, ಕಾರ್ಮಿಕ ಎಂಬ ಮೂರು ಮಲಗಳಲ್ಲಿ ಮೂಲಪಾಪಕ್ಕೆ ಹೋಲುವುದು ಆಣವ. ಜೀವ ತನ್ನನ್ನು ಅಣುವೆಂದು, ಅಲ್ಪವೆಂದು ಭಾವಿಸಿ ಕುಗ್ಗಿರುವ ಸ್ಥಿತಿ ಅದು. ಭತ್ತಕ್ಕೆ ಹೊಟ್ಟು, ತಾಮ್ರಕ್ಕೆ ಕಿಲುಬು ಇರುವಂತೆ ಅದು ಜೀವಕ್ಕೆ ಸಹಜವಾಗಿ ಅಂಟಿದೆ ಎನ್ನುತ್ತಾರೆ. ಸ್ವಂತ ಪ್ರಯತ್ನವೊಂದರಿಂದಲೇ ಅದು ಹೋಗದು, ಶಿವನ ಕೃಪೆ ಮತ್ತು ಗುರುವಿನ ದೀಕ್ಷೆ ಬೇಕು ಎಂಬಲ್ಲಿ ಅಗಸ್ಟೀನರ ವಾದಕ್ಕೆ ಇದು ತೀರ ಸಮೀಪ ಬರುತ್ತದೆ. ಆದರೆ ಇಲ್ಲಿ ಆದಾಮನಂಥ ಪೂರ್ವಜನಿಲ್ಲ, ವಂಶದ ಮೂಲಕ ಇಳಿದುಬರುವ ಅಪರಾಧವೂ ಇಲ್ಲ. ವೀರಶೈವರಲ್ಲಿ ಕೂಸು ಹೊಟ್ಟೆಯಲ್ಲಿರುವಾಗಲೇ ಅದರ ಹೆಸರಿನಲ್ಲಿ ಲಿಂಗ ಕಟ್ಟುವ, ಇಲ್ಲವೇ ಹುಟ್ಟಿದ ಕೆಲವು ದಿನಗಳಲ್ಲಿ ಗುರುಗಳನ್ನು ಕರೆಸಿ ಕಟ್ಟಿಸುವ ಪದ್ಧತಿಯಿದೆ. ಅಲ್ಲಿ ಕೂಸಿನಿಂದ ಏನನ್ನೋ ತೆಗೆಯುವುದಕ್ಕಿಂತ ಕೂಸಿಗೆ ಜೀವಮಾನದ ಜೊತೆಯೊಂದನ್ನು ಕೊಡುವುದೇ ಮುಖ್ಯವೆಂದು ನನ್ನ ತಿಳಿವಳಿಕೆ.

ಪ್ರಶ್ನೆ: ಲೋಕಕ್ಕೆ ಪಾಪ ಬಂದದ್ದು ಹೆಣ್ಣಿನಿಂದಲೇ ಎಂಬ ಮಾತಿಗೆ ಆಧಾರವಿದೆಯೇ?
— ಓದುಗರೊಬ್ಬರು, ಚಿಂತಾಮಣಿ

ಉತ್ತರ: ಬೈಬಲ್ಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ವಂಚನೆಗೆ ಒಳಗಾದವಳು ಸ್ತ್ರೀ ಎಂಬ ವಾಕ್ಯವಿದೆ, ಆ ಮಾತನ್ನು ಹಿಡಿದು ಹೆಂಗಸರನ್ನು ಶತಮಾನಗಳ ಕಾಲ ಹಳಿದದ್ದೂ ನಿಜ. ಆದರೆ ರೋಮಿನವರಿಗೆ ಬರೆದ ಪತ್ರ ಹೊಣೆಯನ್ನು ಹೊರಿಸುವುದು ಆದಾಮನ ಮೇಲೆ. ಆದಿಕಾಂಡದಲ್ಲೂ ಹವ್ವಳು ಹಣ್ಣನ್ನು ತನ್ನ ಜೊತೆಯಲ್ಲೇ ಇದ್ದ ಗಂಡನಿಗೆ ಕೊಟ್ಟಳು ಎಂದಿದೆ, ಅವನು ಬೇಡವೆನ್ನಲಿಲ್ಲ. ದೇವರು ಕೇಳಿದಾಗ ಆದಾಮನು, ನೀನು ಕೊಟ್ಟ ಈ ಸ್ತ್ರೀಯೇ ನನಗೆ ಕೊಟ್ಟಳು ಎನ್ನುತ್ತಾನೆ. ಹವ್ವಳು, ಸರ್ಪ ನನ್ನನ್ನು ವಂಚಿಸಿತು ಎನ್ನುತ್ತಾಳೆ. ಕುರ್‌ಆನಿನ ಏಳನೆಯ ಅಧ್ಯಾಯದಲ್ಲಿ ಹಣ್ಣಿನ ರುಚಿ ನೋಡುವವರು ಇಬ್ಬರೂ, ಅರಬ್ಬಿಯ ದ್ವಿವಚನದಲ್ಲಿ. ಅಲ್ಲಿ ಯಾರೂ ಇನ್ನೊಬ್ಬರನ್ನು ತೋರಿಸುವುದಿಲ್ಲ. ನಮ್ಮ ಪ್ರಭುವೇ, ನಮಗೆ ನಾವೇ ಅನ್ಯಾಯ ಮಾಡಿಕೊಂಡೆವು ಎಂದು ಇಬ್ಬರೂ ಒಟ್ಟಿಗೆ ಹೇಳುತ್ತಾರೆ.